ಬೇನಾಮಿ ಬಡತನ

ದೊಡ್ಡವರು ಬದುಕಿರುವಾಗ ಅವರ ಮಾತನ್ನು ಪಾಲಿಸುವುದು ಕಷ್ಟ. ಸತ್ತ ಮೇಲೆ ಅವರಿಗೊಂದು ಗುಡಿ ಕಟ್ಟಿಸುವುದು ಸುಲಭ. ಇದು ಯಾವುದೋ ಒಂದು ಮತದವರ ದೋಷವಲ್ಲ. ಎಲ್ಲ ದೇಶಗಳಲ್ಲಿಯೂ ಎಲ್ಲ ಮತಗಳಲ್ಲಿಯೂ ಇದು ನಡೆದುಬಂದಿದೆ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ಸಾರಿದವರ ಹೆಸರಿನಲ್ಲಿಯೇ ಕಲ್ಲಿನ ಕಟ್ಟಡಗಳೆದ್ದುದನ್ನು ಕನ್ನಡ ನಾಡಿನವರಾದ ನಾವು ಕಂಡಿಲ್ಲವೆ? ಆದುದರಿಂದ ಇಂದು ನಾವು ಕ್ರೈಸ್ತ ಸಭೆಯ ಇತಿಹಾಸದಿಂದ ಒಂದು ಪ್ರಕರಣವನ್ನು ಎತ್ತಿಕೊಂಡಿರುವುದು ಕ್ರೈಸ್ತರನ್ನು ಹಳಿಯುವುದಕ್ಕಲ್ಲ. ಸರಳತನಕ್ಕೂ ಸಂಸ್ಥೆಗೂ ನಡೆಯುವ ಜಗ್ಗಾಟವು ಆ ಪ್ರಕರಣದಲ್ಲಿ ಕಾಗದಪತ್ರ, ತಾರೀಖುಗಳ ಸಮೇತ ನಿಚ್ಚಳವಾಗಿ ಕಾಣುತ್ತದೆ ಎಂಬುದೇ ಕಾರಣ.

ಇಟಲಿಯ ಅಸಿಸಿ ಪಟ್ಟಣದ ಫ್ರಾನ್ಸಿಸ್ ತೀರಿಕೊಂಡದ್ದು 1226ರ ಅಕ್ಟೋಬರ್ 3ರಂದು. 2026ಕ್ಕೆ ಅದಕ್ಕೆ ಎಂಟು ನೂರು ವರ್ಷ. ಹಕ್ಕಿಗಳಿಗೆ ಉಪದೇಶ ಮಾಡಿದ ಸಾಧುವೆಂದು ಆತನನ್ನು ಮಕ್ಕಳಿಗೆ ಪರಿಚಯ ಮಾಡಿಕೊಡುವುದುಂಟು. ಹಕ್ಕಿಗಳ ಕಥೆ ಚೆನ್ನಾಗಿಯೇ ಇದೆ. ಆದರೆ ಗಿರಣಿಯಲ್ಲಿ ದುಡಿಯುವವನಿಗೂ, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವನಿಗೂ ಹೆಚ್ಚು ಸಂಬಂಧಪಡುವ ಇನ್ನೊಂದು ಕಥೆ ಆತನದಿದೆ. ಅದು ಆಸ್ತಿಯ ಕಥೆ. ಏನು ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ ಎಂಬುದರ ಕಥೆ.

ಜವಳಿ ವ್ಯಾಪಾರಿಯ ಮಗ

ಫ್ರಾನ್ಸಿಸನ ತಂದೆ ಪಿಯೆತ್ರೊ ಬರ್ನಾರ್ದೊನೆ ಜವಳಿ ವ್ಯಾಪಾರಿ. ಫ್ರಾನ್ಸ್ ದೇಶದೊಡನೆ ವ್ಯವಹಾರವಿದ್ದ ಅನುಕೂಲಸ್ಥ. ಮಗನೂ ಅಂಗಡಿಯ ವ್ಯಾಪಾರದಲ್ಲಿ ಬೆಳೆದವನೇ. ಊರ ಹೊರಗೆ ಸಂತ ದಮಿಯಾನೊ ಎಂಬ ಪಾಳುಬಿದ್ದ ಗುಡಿಯೊಂದಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂದು ಮಗ ತಂದೆಯ ಅಂಗಡಿಯ ಬಟ್ಟೆಯನ್ನು ಪಕ್ಕದ ಊರಿಗೆ ಒಯ್ದು, ಕುದುರೆಯ ಸಮೇತ ಮಾರಿ ಹಣ ತಂದ. ಗುಡಿಯ ಪಾದ್ರಿ ಹೆದರಿ ಆ ಹಣವನ್ನು ಮುಟ್ಟಲಿಲ್ಲ. ತಂದೆ ಮಗನನ್ನು ಬಿಷಪ್ಪರ ಮುಂದೆ ಎಳೆದ. 1206ರ ಸುಮಾರಿಗೆ ನಡೆದ ಆ ವಿಚಾರಣೆಯಲ್ಲಿ ಫ್ರಾನ್ಸಿಸ್ ಹಣವನ್ನಷ್ಟೇ ಅಲ್ಲ, ಮೈಮೇಲಿದ್ದ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿಬಿಟ್ಟ. ಬಳಿಕ ಕಲ್ಲು ಗಾರೆ ಹೊತ್ತು ಅದೇ ಗುಡಿಯನ್ನು ಕೈಯಾರೆ ರಿಪೇರಿ ಮಾಡಿದ. ತಂದೆಯ ಹಣದಿಂದ ಆಗದೆ ಹೋದ ಕೆಲಸ ತನ್ನ ರಟ್ಟೆಯಿಂದ ಆಯಿತು.

ಸುತ್ತ ಒಂದಷ್ಟು ಜನ ಸೇರಿದರು. 1209ರ ಸುಮಾರಿಗೆ ಹತ್ತು ಹನ್ನೆರಡು ಮಂದಿಯ ಈ ಗುಂಪು ರೋಮಿಗೆ ನಡೆದುಹೋಗಿ ಮೂರನೆಯ ಇನೊಸೆಂಟ್ ಪೋಪರಿಂದ ಬಾಯಿಮಾತಿನ ಒಪ್ಪಿಗೆ ಪಡೆಯಿತು. ತಮಗೆ ಅವರಿಟ್ಟುಕೊಂಡ ಹೆಸರು 'ಕಿರಿಯ ಸೋದರರು'. ಆ ಕಾಲದ ಇಟಲಿಯ ಪಟ್ಟಣಗಳಲ್ಲಿ ಉಳ್ಳವರನ್ನು ಹಿರಿಯರೆಂದೂ ಇಲ್ಲದವರನ್ನು ಕಿರಿಯರೆಂದೂ ಕರೆಯುವ ವಾಡಿಕೆಯಿತ್ತು. ಜವಳಿ ವ್ಯಾಪಾರಿಯ ಮಗ ತಾನು ಯಾವ ಕಡೆಯವನೆಂಬುದನ್ನು ಹೆಸರಿನಲ್ಲಿಯೇ ಹೇಳಿದ.

ಇವರ ಕಟ್ಟಳೆಗಳನ್ನು ನೋಡಿರಿ. 1221ರಲ್ಲಿ ಬರೆದ ನಿಯಮಾವಳಿಯ ಪ್ರಕಾರ, ಕಸಬು ಬಲ್ಲ ಸೋದರನು ಆ ಕಸಬನ್ನೇ ಮಾಡತಕ್ಕದ್ದು. ಕಸಬಿಗೆ ಬೇಕಾದ ಹತಾರಗಳನ್ನು ಇಟ್ಟುಕೊಳ್ಳಬಹುದು. ಪರರ ಮನೆಯಲ್ಲಿ ದುಡಿಯುವಾಗ ಉಗ್ರಾಣದ ಪಾರುಪತ್ಯವಾಗಲಿ, ಇತರ ಆಳುಗಳ ಮೇಲೆ ಅಧಿಕಾರ ನಡೆಸುವ ಕೆಲಸವಾಗಲಿ ಕೂಡದು. ಎಲ್ಲರಿಗಿಂತ ಕೆಳಗಿನವನಾಗಿ ದುಡಿಯಬೇಕು. ಕೂಲಿಯಾಗಿ ಊಟ ಬಟ್ಟೆ ಪಡೆಯಬಹುದು, ನಾಣ್ಯವನ್ನು ಮಾತ್ರ ಮುಟ್ಟಕೂಡದು. ರೋಗಿಗಳ ಆರೈಕೆಗೆ ತೀರಾ ಅಗತ್ಯ ಬಿದ್ದರೆ ಅದಕ್ಕೆ ವಿನಾಯಿತಿಯುಂಟು. ದುಡಿದರೂ ಕೂಲಿ ಸಿಗದ ದಿನ ಮನೆಮನೆಗೆ ಹೋಗಿ ಬೇಡಬಹುದು. ಫ್ರಾನ್ಸಿಸನ ಸೋದರರೆಂದರೆ ಭಿಕ್ಷುಕರೆಂದು ಮಾತ್ರ ಬಲ್ಲವರು ಈ ಕೊನೆಯ ಮಾತನ್ನು ಗಮನಿಸಬೇಕು. ದುಡಿಮೆ ಮೊದಲು, ಭಿಕ್ಷೆ ಆಮೇಲೆ.

ಆಸ್ತಿಯನ್ನು ಬಿಟ್ಟದ್ದು ಏಕೆ? ಈ ಪ್ರಶ್ನೆಯನ್ನು ಅಸಿಸಿಯ ಬಿಷಪ್ಪರೇ ಕೇಳಿದರಂತೆ. ಆಸ್ತಿಯಿದ್ದರೆ ಅದನ್ನು ಕಾಯಲು ಆಯುಧ ಬೇಕಾಗುತ್ತದೆ, ಜಗಳ ವ್ಯಾಜ್ಯಗಳು ಹುಟ್ಟುತ್ತವೆ, ದೇವರ ಮೇಲೆಯೂ ನೆರೆಯವನ ಮೇಲೆಯೂ ಪ್ರೀತಿ ಉಳಿಯುವುದಿಲ್ಲ ಎಂಬ ಅರ್ಥದ ಉತ್ತರ ಫ್ರಾನ್ಸಿಸನಿಂದ ಬಂದಿತೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಬಡತನವೇ ಚೆಂದವೆಂದು ಆತ ಹೇಳಲಿಲ್ಲ. ಹೊಟ್ಟೆಗಿಲ್ಲದವನ ಬಡತನ ಬೇರೆ, ಬಿಟ್ಟು ಬಂದವನ ಬಡತನ ಬೇರೆ. ಸುಖವಾಗಿರುವವರು ಬಡವನಿಗೆ ಬಡತನದ ಮಹಿಮೆಯನ್ನು ಬೋಧಿಸುವುದುಂಟು. ಫ್ರಾನ್ಸಿಸ್ ಆ ಜಾತಿಯ ಬೋಧಕನಲ್ಲ.

ಕಿತ್ತುಹಾಕಿದ ಹೆಂಚು

ಹನ್ನೆರಡು ಮಂದಿಗೆ ಮರದ ನೆರಳು ಸಾಕು. ಸಾವಿರಾರು ಮಂದಿಯಾದಾಗ? ಕಾಯಿಲೆ ಬಿದ್ದವರಿಗೆ ಮಾಡು ಬೇಕು. ಬೋಧನೆ ಮಾಡುವವರಿಗೆ ಪುಸ್ತಕ ಬೇಕು. ಹೊಸದಾಗಿ ಬಂದವರಿಗೆ ಕಲಿಸುವ ಜಾಗ ಬೇಕು. ಇವು ಸೋಗಿನ ಬೇಡಿಕೆಗಳಲ್ಲ. ಸಂಸ್ಥೆಯ ಪರವಾದ ಮಾತು ಯಾವಾಗಲೂ ಇಂತಹ ನಿಜವಾದ ಅಗತ್ಯದಿಂದಲೇ ಆರಂಭವಾಗುತ್ತದೆ. ಅದನ್ನು ನಾವು ಅಲ್ಲಗಳೆಯಬಾರದು.

ಫ್ರಾನ್ಸಿಸನ ಚರಿತ್ರೆಯನ್ನು ಮೊದಲು ಬರೆದವನಾದ ಚೆಲಾನೊದ ತೊಮಾಸೊ ಎರಡು ಪ್ರಸಂಗಗಳನ್ನು ಹೇಳುತ್ತಾನೆ. ಸೋದರರ ಸಭೆ ನೆರೆಯುವ ಪೊರ್ಜಿಯುಂಕೊಲ ಎಂಬಲ್ಲಿ ಊರಿನ ಜನರು, ಫ್ರಾನ್ಸಿಸ್ ಇಲ್ಲದಾಗ, ಹೆಂಚು ಹೊದಿಸಿದ ಮನೆಯೊಂದನ್ನು ಕಟ್ಟಿದರು. ಆತ ಬಂದವನೇ ಮಾಡು ಹತ್ತಿ ಹೆಂಚುಗಳನ್ನು ಕಿತ್ತು ಕೆಳಕ್ಕೆ ಹಾಕತೊಡಗಿದ. ಆಗ ಊರಿನ ಕಾವಲಿನವರು ಬಂದು, ಈ ಮನೆ ನಿಮ್ಮದಲ್ಲ, ಪಟ್ಟಣದವರದು ಎಂದರು. ಹಾಗಾದರೆ ಸರಿಯೆಂದು ಆತ ಇಳಿದುಬಂದ. ಎರಡನೆಯದು ಬೊಲೊನ್ಯ ಪಟ್ಟಣದ್ದು. ಅಲ್ಲಿ 'ಸೋದರರ ಮನೆ' ಎಂದು ಜನ ಕರೆಯುವ ಮನೆಯೊಂದಿದೆಯೆಂದು ಕೇಳಿದೊಡನೆ ರೋಗಿಗಳ ಸಮೇತ ಎಲ್ಲರೂ ಅದನ್ನು ಬಿಟ್ಟು ಹೊರಡಬೇಕೆಂದು ಆತ ಆಜ್ಞೆ ಮಾಡಿದ. ಕಾರ್ಡಿನಲ್ ಉಗೊಲಿನೊ ಎಂಬ ಹಿರಿಯ ಧರ್ಮಾಧಿಕಾರಿ ಮುಂದೆ ಬಂದು, ಆ ಮನೆ ನನ್ನದು ಎಂದು ಬಹಿರಂಗವಾಗಿ ಸಾರಿದ ಮೇಲೆಯೇ ಅವರೆಲ್ಲ ಹಿಂದಿರುಗಿದ್ದು.

ಎರಡು ಪ್ರಸಂಗಗಳಲ್ಲಿಯೂ ಜಗಳ ಬಗೆಹರಿದದ್ದು ಒಂದೇ ಮಾತಿನಿಂದ: 'ಇದು ನಿಮ್ಮದಲ್ಲ, ನಮ್ಮದು, ನೀವು ಸುಮ್ಮನೆ ಇರಿ.' ಆ ಗಳಿಗೆಗೆ ಅದು ಉಪಕಾರವೇ. ಆದರೆ ಮುಂದಿನ ನೂರು ವರ್ಷಗಳ ತೊಡಕೆಲ್ಲ ಈ ಮಾತಿನಲ್ಲಿಯೇ ಅಡಗಿತ್ತು.

ಪೊರ್ಜಿಯುಂಕೊಲದ ಸಣ್ಣ ಗುಡಿಯ ವಿಷಯದಲ್ಲಿ ಫ್ರಾನ್ಸಿಸ್ ನಡೆದುಕೊಂಡ ರೀತಿಯೇ ಬೇರೆ. ಅದು ಬೆನೆಡಿಕ್ಟ್ ಪಂಥದ ಸನ್ಯಾಸಿಗಳ ಆಸ್ತಿ. ಅದಕ್ಕೆ ಬಾಡಿಗೆಯೆಂದು ವರ್ಷಕ್ಕೊಂದು ಬುಟ್ಟಿ ಮೀನನ್ನು ಅವರಿಗೆ ಕಳುಹಿಸುತ್ತಿದ್ದರೆಂದು ಹಳೆಯ ಕಥನಗಳಲ್ಲಿದೆ. ಬಾಡಿಗೆದಾರನು ಬಾಡಿಗೆದಾರನಂತೆಯೇ ಇದ್ದ. ಮಾಲೀಕ ಬಿಡಿಸಿದ ದಿನ ಬಿಟ್ಟು ಹೋಗಬೇಕೆಂಬುದು ಆತನಿಗೆ ಗೊತ್ತಿತ್ತು. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ.

ಒಡೆತನ ರೋಮಿಗೆ, ಉಪಯೋಗ ಸೋದರರಿಗೆ

1220ರಲ್ಲಿ, ಬದುಕಿರುವಾಗಲೇ, ಫ್ರಾನ್ಸಿಸ್ ಸಂಘದ ಮುಖ್ಯಸ್ಥಾನವನ್ನು ಬಿಟ್ಟುಕೊಟ್ಟ. 1223ರಲ್ಲಿ ಮೊಟಕಾದ ಇನ್ನೊಂದು ನಿಯಮಾವಳಿಗೆ ಪೋಪರ ಮೊಹರು ಬಿದ್ದಿತು. ಸಾಯುವ ವರ್ಷ ಆತ ಒಂದು ಉಯಿಲನ್ನು ಬರೆಸಿದ. ಆಸ್ತಿಯಿಲ್ಲದವನ ಉಯಿಲಿನಲ್ಲಿ ಏನಿರುತ್ತದೆ? ಎರಡು ಎಚ್ಚರಿಕೆಗಳಿದ್ದವು: ಇಗರ್ಜಿಗಾಗಲಿ ಮನೆಗಾಗಲಿ ರೋಮಿನ ಕಚೇರಿಯಿಂದ ರಕ್ಷಣೆಯ ಪತ್ರ ಬೇಡಬೇಡಿ, ಈ ಸರಳವಾದ ಮಾತುಗಳಿಗೆ ವ್ಯಾಖ್ಯಾನ ಬರೆಯಬೇಡಿ.

ಮುಂದೆ ನಡೆದುದನ್ನು ತಾರೀಖಿನ ಪ್ರಕಾರವೇ ಹೇಳುತ್ತೇವೆ. ಬೊಲೊನ್ಯದ ಮನೆಯನ್ನು ತನ್ನದೆಂದಿದ್ದ ಉಗೊಲಿನೊ 1227ರಲ್ಲಿ ಒಂಬತ್ತನೆಯ ಗ್ರೆಗರಿ ಪೋಪರಾದರು. 1228ರ ಜುಲೈ 16ರಂದು ಅವರು ಫ್ರಾನ್ಸಿಸನನ್ನು ಸಂತನೆಂದು ಸಾರಿದರು. ಮರುದಿನವೇ ಅಸಿಸಿಯಲ್ಲಿ ಆತನ ಸಮಾಧಿಯ ಮಹಾ ದೇವಾಲಯಕ್ಕೆ ಅಡಿಗಲ್ಲು ಬಿದ್ದಿತು. ಹೆಂಚು ಕಿತ್ತವನ ಮೂಳೆಗಳ ಮೇಲೆ ಒಂದರ ಮೇಲೊಂದು ಎರಡು ದೇವಾಲಯಗಳೆದ್ದವು. 1230ರ ಸೆಪ್ಟೆಂಬರಿನಲ್ಲಿ ಅದೇ ಪೋಪರು ಆಜ್ಞಾಪತ್ರ ಹೊರಡಿಸಿ, ಫ್ರಾನ್ಸಿಸನ ಉಯಿಲು ಸೋದರರಿಗೆ ಬಂಧಕವಲ್ಲವೆಂದರು. ಹಣವನ್ನು ಸೋದರರು ಮುಟ್ಟಬೇಕಾಗಿಲ್ಲ, ದಾನಿಗಳ ಪರವಾಗಿ ಒಬ್ಬ ಮಧ್ಯಸ್ಥನು ಇಟ್ಟುಕೊಂಡು ಅವರ ಅಗತ್ಯಕ್ಕೆ ಖರ್ಚು ಮಾಡಬಹುದು ಎಂದೂ, ಸೋದರರಿಗೆ ವಸ್ತುಗಳ ಉಪಯೋಗವುಂಟು, ಒಡೆತನವಿಲ್ಲ ಎಂದೂ ವಿಧಿಸಿದರು. ಹಾಗಾದರೆ ಒಡೆತನ ಯಾರದು? ಅದಕ್ಕೆ ಸ್ಪಷ್ಟವಾದ ಉತ್ತರವನ್ನು 1245ರಲ್ಲಿ ನಾಲ್ಕನೆಯ ಇನೊಸೆಂಟ್ ಪೋಪರು ಕೊಟ್ಟರು. ದಾನಿಗಳು ತಮಗೇ ಉಳಿಸಿಕೊಳ್ಳದ ಆಸ್ತಿಯೆಲ್ಲ ರೋಮಿನ ಗುರುಪೀಠದ್ದು.

ನಮ್ಮ ಪೇಟೆಯ ಜನಕ್ಕೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮನೆಯಲ್ಲಿ ವಾಸ ಒಬ್ಬರದು, ಪತ್ರ ಇನ್ನೊಬ್ಬರ ಹೆಸರಿಗೆ. ಇದಕ್ಕೆ ಬೇನಾಮಿ ಎನ್ನುತ್ತಾರೆ. ಇಂತಹ ವ್ಯವಹಾರವನ್ನು ತಡೆಯುವ ಕಾಯಿದೆ ನಮ್ಮ ದೇಶದಲ್ಲಿ 1988ರಲ್ಲಿ ಬಂದಿತು. 2016ರಲ್ಲಿ ಅದನ್ನು ಬಿಗಿ ಮಾಡಿದರು. ಒಂದು ವ್ಯತ್ಯಾಸವುಂಟು. ನಮ್ಮ ಬೇನಾಮಿದಾರ ಶ್ರೀಮಂತಿಕೆಯನ್ನು ಬಚ್ಚಿಡುವುದಕ್ಕಾಗಿ ಪರರ ಹೆಸರನ್ನು ಹುಡುಕುತ್ತಾನೆ. ಆ ಸೋದರರು ಬಡತನವನ್ನು ಉಳಿಸಿಕೊಳ್ಳುವುದಕ್ಕಾಗಿ ಪರರ ಹೆಸರನ್ನು ಒಪ್ಪಿಕೊಂಡರು. ಉದ್ದೇಶ ಒಳ್ಳೆಯದಿತ್ತು. ಆದರೆ ಫಲವೇನಾಯಿತು? ಮಾತಿನಲ್ಲಿ ಬಡತನ, ವಾಸಕ್ಕೆ ಮಹಲು. ಕಣ್ಣಿಗೆ ಕಾಣುವುದನ್ನು ಕಾಗದ ಅಲ್ಲವೆನ್ನುತ್ತದೆ. ಕಾಗದದಲ್ಲಿರುವುದನ್ನು ಕಣ್ಣು ನಂಬುವುದಿಲ್ಲ.

ಎಲ್ಲರೂ ಇದಕ್ಕೆ ತಲೆಬಾಗಲಿಲ್ಲ. ಹೆಸರಿಗೆ ಮಾತ್ರವಲ್ಲ, ಉಪಯೋಗದಲ್ಲಿಯೂ ಬಡವರಾಗಿರಬೇಕೆಂದು ಪಟ್ಟು ಹಿಡಿದವರನ್ನು 'ಆತ್ಮನಿಷ್ಠರು' ಎನ್ನಬಹುದು. ಅವರು ಮೋಟಾದ ತೇಪೆಯ ಅಂಗಿ ಹಾಕುತ್ತಿದ್ದರು. ಮಠಗಳಲ್ಲಿ ದವಸದ ಕಣಜ, ದ್ರಾಕ್ಷಾರಸದ ನೆಲಮಾಳಿಗೆ ಇರಕೂಡದೆನ್ನುತ್ತಿದ್ದರು. 1317ರಲ್ಲಿ ಇಪ್ಪತ್ತೆರಡನೆಯ ಜಾನ್ ಪೋಪರು, ಅಂಗಿ ಎಷ್ಟಿರಬೇಕು, ಕಣಜ ಬೇಕೆ ಬೇಡವೆ ಎಂಬುದನ್ನು ಮೇಲಧಿಕಾರಿಗಳು ತೀರ್ಮಾನಿಸುತ್ತಾರೆ, ಉಳಿದವರು ವಿಧೇಯರಾಗಿರಲಿ ಎಂದು ಅಪ್ಪಣೆ ಮಾಡಿದರು. ಒಪ್ಪದ ನಾಲ್ವರು ಸೋದರರನ್ನು 1318ರ ಮೇ 7ರಂದು ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದಲ್ಲಿ ಜೀವಂತವಾಗಿ ಸುಟ್ಟರು. ಅಂಗಿಯ ಅಳತೆಗೂ ಕಣಜದ ಕಾಳಿಗೂ ನಾಲ್ಕು ಪ್ರಾಣಗಳು! ಸಂಸ್ಥಾಪಕನ ಮಾತನ್ನು ಅಕ್ಷರಶಃ ನಂಬಿದವರನ್ನು ಸಂಸ್ಥಾಪಕನ ಹೆಸರು ಹೊತ್ತ ಸಂಸ್ಥೆಯೇ ಒಪ್ಪಿಸಿಕೊಟ್ಟಿತು.

ಅದೇ ಪೋಪರು 1322ರಲ್ಲಿ ಇನ್ನೊಂದು ಕೆಲಸ ಮಾಡಿದರು. ತಿಂದು ಮುಗಿಸುವ ರೊಟ್ಟಿಯಲ್ಲಿ ಉಪಯೋಗ ನಿಮ್ಮದು, ಒಡೆತನ ನಮ್ಮದು ಎಂದರೆ ಏನರ್ಥ? ತಿಂದವನೇ ಒಡೆಯ. ಒಡೆತನವನ್ನು ನಾವು ಹೊತ್ತುದರಿಂದ ನಿಮ್ಮ ಆಸ್ತಿಯ ಚಿಂತೆಯೇನೂ ಕಡಮೆಯಾಗಿಲ್ಲ. ಹೀಗೆ ವಾದಿಸಿ ಹೆಚ್ಚಿನ ವಸ್ತುಗಳ ಒಡೆತನವನ್ನು ಅವರ ತಲೆಗೇ ಕಟ್ಟಿದರು. ವಾದದ ಮಟ್ಟಿಗೆ ಪೋಪರು ಹೇಳಿದ್ದು ಸುಳ್ಳಲ್ಲ. ಬೇನಾಮಿಯ ಸೋಗನ್ನು ಅವರು ಬಯಲಿಗೆಳೆದರು. ಆದರೆ ಬಯಲಿಗೆಳೆದದ್ದು ಬಡತನವನ್ನು ನಿಜಮಾಡುವುದಕ್ಕಲ್ಲ, ಅದರ ಬಾಯಿ ಮುಚ್ಚಿಸುವುದಕ್ಕೆ. ಕ್ರಿಸ್ತನೂ ಆತನ ಶಿಷ್ಯರೂ ಏನನ್ನೂ ಹೊಂದಿರಲಿಲ್ಲವೆಂದು ಹಟ ಹಿಡಿದು ಹೇಳುವುದು ಧರ್ಮದ್ರೋಹವೆಂದು 1323ರಲ್ಲಿ ಅವರು ಸಾರಿದರು. ಆಸ್ತಿಯ ತ್ಯಾಗವು ಕ್ರಿಸ್ತನೇ ತೋರಿದ ದಾರಿಯೆಂದು 1279ರಲ್ಲಿ ಮೂರನೆಯ ನಿಕೊಲಾಸ್ ಪೋಪರು ಮೆಚ್ಚಿ ಬರೆದಿದ್ದರು. ನಡುವೆ ಕೇವಲ 44 ವರ್ಷ.

ಕ್ಲಾರಾಳ ಹಟ

ಹಾಗಾದರೆ ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ಅಸಿಸಿಯ ಕ್ಲಾರಾ ಎಂಬ ಕುಲೀನ ಮನೆತನದ ಹೆಣ್ಣುಮಗಳು ಫ್ರಾನ್ಸಿಸನ ದಾರಿ ಹಿಡಿದು ಬಂದು, ಆತ ಕೈಯಾರೆ ರಿಪೇರಿ ಮಾಡಿದ ಸಂತ ದಮಿಯಾನೊ ಗುಡಿಯಲ್ಲಿಯೇ ಸೋದರಿಯರೊಡನೆ ನೆಲೆಸಿದಳು. ಗ್ರೆಗರಿ ಪೋಪರು ಆಕೆಗೂ ಆಸ್ತಿ ಕೊಡಲು ಬಂದರು. ವ್ರತ ಅಡ್ಡ ಬರುವುದಾದರೆ ವ್ರತದಿಂದಲೇ ಬಿಡುಗಡೆ ಮಾಡುವೆನೆಂದರು. ಪಾಪದಿಂದ ಬಿಡಿಸಿದರೆ ಸಾಕು, ಕ್ರಿಸ್ತನ ಹಿಂದೆ ನಡೆಯುವುದರಿಂದ ಬಿಡಿಸುವುದು ಬೇಡ ಎಂಬರ್ಥದ ಉತ್ತರ ಕೊಟ್ಟು ಆಕೆ ಅದನ್ನು ತಿರಸ್ಕರಿಸಿದಳು. ಆಸ್ತಿ ಇಟ್ಟುಕೊಳ್ಳುವಂತೆ ಯಾರೂ ತಮ್ಮನ್ನು ಬಲವಂತ ಮಾಡಕೂಡದೆಂಬ ಸನದನ್ನೇ 1228ರಲ್ಲಿ ಪಡೆದಳು. ಭೂಮಿಗೆ, ಮಾನ್ಯಕ್ಕೆ ಸನದು ಪಡೆದವರನ್ನು ನಾವು ಕೇಳಿದ್ದೇವೆ. ಏನೂ ಇಲ್ಲದಿರುವುದಕ್ಕೆ ಸನದು ಪಡೆದವಳು ಈಕೆ. ಅಷ್ಟಕ್ಕೆ ನಿಲ್ಲದೆ ತನ್ನ ಸೋದರಿಯರ ನಿಯಮಾವಳಿಯನ್ನು ತಾನೇ ಬರೆದಳು. ಅದಕ್ಕೆ ಪೋಪರ ಒಪ್ಪಿಗೆ ಬಂದದ್ದು 1253ರ ಆಗಸ್ಟ್ 9ರಂದು. ಆಕೆ ತೀರಿಕೊಂಡದ್ದು 11ರಂದು. ಎರಡು ದಿನದ ಅಂತರದಲ್ಲಿ ಗೆದ್ದಳು.

ಕ್ಲಾರಾ ಸಂಸ್ಥೆಯನ್ನು ಬಿಟ್ಟು ಹೋಗಲಿಲ್ಲ. ನಿಯಮವೇ ಬೇಡವೆಂದೂ ಹೇಳಲಿಲ್ಲ. ಸರಳತನವನ್ನು ನಿಯಮದೊಳಗೆ ಬರೆಸಿದಳು, ಬರೆದಂತೆ ಬದುಕಿದಳು. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಪ್ರಕರಣದಲ್ಲಿ ಅತ್ಯಂತ ಜಾಣ ಸಂಘಟಕಿ ಈಕೆಯೇ.

ಸಂಸ್ಥೆಯ ಪರವಾಗಿ ಒಂದು ಮಾತು

ಸಂಸ್ಥೆಯ ಕಡೆಯವರ ವಾದವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಫ್ರಾನ್ಸಿಸನಿಗಿಂತ ಮುಂಚೆಯೇ ಲಿಯೊನ್ ಪಟ್ಟಣದಲ್ಲಿ ವಾಲ್ಡೊ ಎಂಬ ವ್ಯಾಪಾರಿ ಇದೇ ರೀತಿ ಆಸ್ತಿಯನ್ನು ಹಂಚಿ ಬೋಧನೆಗೆ ಇಳಿದಿದ್ದ. 1179ರಲ್ಲಿ ಅವನ ಕಡೆಯವರು ರೋಮಿಗೆ ಹೋದರು. ಬಡತನವನ್ನು ಮೆಚ್ಚಿದ ಪೋಪರು, ಪಾದ್ರಿಗಳ ಅನುಮತಿಯಿಲ್ಲದೆ ಬೋಧಿಸಕೂಡದೆಂದರು. ಅವರು ಬಿಡಲಿಲ್ಲ. 1184ರಲ್ಲಿ ಬಹಿಷ್ಕಾರ ಬಿದ್ದಿತು. ಮುಂದೆ ಶತಮಾನಗಳ ಕಾಲ ಅವರನ್ನು ಬೆಟ್ಟ ಕಣಿವೆಗಳಲ್ಲಿ ಬೇಟೆಯಾಡಿದರು. ಫ್ರಾನ್ಸಿಸ್ ಸಭೆಯ ಒಳಗೇ ಉಳಿದುದರಿಂದ ಅವನ ಸಂಘ ಉಳಿಯಿತು, ಬೆಳೆಯಿತು, ದೇಶದೇಶಗಳಿಗೆ ಹಬ್ಬಿತು. ಎಂಟು ನೂರು ವರ್ಷಗಳ ಮೇಲೆ ನಾವು ಅವನ ಉಯಿಲನ್ನು ಓದಬಲ್ಲೆವಾದರೆ, ಅದನ್ನು ಬಂಧಕವಲ್ಲವೆಂದ ಸಂಸ್ಥೆಯೇ ಅದನ್ನು ಕಾಪಾಡಿ ಇಟ್ಟದ್ದೂ ಒಂದು ಕಾರಣ. ಈ ಉಪಕಾರವನ್ನು ಮರೆಯಬಾರದು.

ಇಷ್ಟೇ ಅಲ್ಲ. ಒಳಗಿನ ಕಿಚ್ಚು ಪೂರ್ತಿಯಾಗಿ ಆರಲೂ ಇಲ್ಲ. ನಿಯಮವನ್ನು ಬಿಗಿಯಾಗಿ ನಡೆಸಬೇಕೆಂಬ ಪಂಗಡ ಮತ್ತೆ ಎದ್ದು, 1517ರಲ್ಲಿ ಸಂಘವೇ ಎರಡಾಯಿತು. 1528ರಲ್ಲಿ ಕಪುಚಿನ್ ಎಂಬ ಇನ್ನೊಂದು ಶಾಖೆ, ಮೂಲದ ಸರಳತನಕ್ಕೆ ಹೋಗುತ್ತೇವೆಂದು ಹೊರಟಿತು. ಆದರೆ 1569ರಲ್ಲಿ ಪೊರ್ಜಿಯುಂಕೊಲದ ಆ ಪುಟ್ಟ ಬಾಡಿಗೆ ಗುಡಿಯ ಸುತ್ತ ಇನ್ನೊಂದು ಮಹಾ ದೇವಾಲಯವನ್ನು ಕಟ್ಟಲು ತೊಡಗಿದರು. ಮುಗಿದದ್ದು 1679ರಲ್ಲಿ. ಇಂದಿಗೂ ಆ ಗುಡಿ ಗುಮ್ಮಟದ ಕೆಳಗೆ, ದೊಡ್ಡ ಹಜಾರದಲ್ಲಿಟ್ಟ ಆಟಿಕೆಯಂತೆ ನಿಂತಿದೆ. ಸಂಸ್ಥೆ ಸರಳತನವನ್ನು ಕೆಡವಲಿಲ್ಲ. ಅದಕ್ಕೆ ಮಳೆ ಬಿಸಿಲು ತಾಕದಂತೆ ಒಳಗೆ ಇಟ್ಟುಕೊಂಡಿತು. ಮಳೆ ಬಿಸಿಲು ತಾಕದ ಸರಳತನ ಯಾರಿಗೆ ಬೇಕು?

2013ರ ಮಾರ್ಚಿಯಲ್ಲಿ ಆಯ್ಕೆಯಾದ ಪೋಪರು ಫ್ರಾನ್ಸಿಸ್ ಎಂಬ ಹೆಸರನ್ನೇ ಇಟ್ಟುಕೊಂಡು, ಅರಮನೆಯನ್ನು ಬಿಟ್ಟು ಅತಿಥಿಗೃಹದಲ್ಲಿ ವಾಸಮಾಡಿದರು. 2025ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಅದು ಒಳ್ಳೆಯ ನಡೆ. ಆದರೆ ಒಬ್ಬರು ಅರಮನೆ ಬಿಟ್ಟ ಮಾತ್ರಕ್ಕೆ ಅರಮನೆ ಹೋಗುವುದಿಲ್ಲ. ಅದು ಮುಂದಿನವರಿಗಾಗಿ ಕಾದಿರುತ್ತದೆ. ಅದಕ್ಕಿಂತ ಹೆಚ್ಚು ಕಲಿಸುವ ಘಟನೆ 2014ರ ಡಿಸೆಂಬರಿನದು. ಕಿರಿಯ ಸೋದರರ ಸಂಘದ ಮುಖ್ಯಸ್ಥರು ಲೋಕದ ಎಲ್ಲ ಸೋದರರಿಗೂ ಒಂದು ಬಹಿರಂಗ ಪತ್ರ ಬರೆದು, ರೋಮಿನ ತಮ್ಮ ಕೇಂದ್ರ ಕಚೇರಿ ಭಾರಿ ಸಾಲದಲ್ಲಿ ಸಿಕ್ಕಿದೆ, ಹಣಕಾಸಿನ ಮೇಲ್ವಿಚಾರಣೆ ಸಡಿಲವಾಗಿತ್ತು ಎಂದು ತಿಳಿಸಿದರು. ನಾಣ್ಯ ಮುಟ್ಟಬೇಡಿ ಎಂದವನ ಮನೆಯಲ್ಲಿ ಹೀಗಾಯಿತೆಂದು ನಗುವವರು ನಗಲಿ. ನಾವು ನಗುವುದಿಲ್ಲ. ಹಗರಣವನ್ನು ಮುಚ್ಚಿಡದೆ ತಾವೇ ಹೇಳಿದ ಆ ಪತ್ರದಲ್ಲಿ, ನೂರಾರು ವರ್ಷಗಳ ಬೇನಾಮಿ ವಾದದಲ್ಲಿ ಇಲ್ಲದಷ್ಟು ಸರಳತನ ಇತ್ತೆಂದೇ ನಮ್ಮ ಮತ.

ಏಕೆಂದರೆ ಸರಳತನವೆಂಬುದು ಹರಕು ಅಂಗಿಯಲ್ಲಿಲ್ಲ. ಹರಕು ಅಂಗಿ ತೊಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಸಂಸ್ಥೆ ಬೇಡವೆನ್ನುವುದೂ ಸರಳತನವಲ್ಲ; ನಾಲ್ಕು ಜನ ಸೇರಿ ಮಾಡುವ ಕೆಲಸಕ್ಕೆ ಒಂದು ಕೊಠಡಿ, ಒಂದು ಪೆಟ್ಟಿಗೆ, ಒಂದು ರಸೀತಿ ಪುಸ್ತಕ ಬೇಕೇ ಬೇಕು. ಮಠವಾಗಲಿ, ಇಗರ್ಜಿಯಾಗಲಿ, ಕೆಲಸಗಾರರ ಸಂಘವಾಗಲಿ, ವರ್ತಕರ ಸಹಕಾರ ಸೊಸೈಟಿಯಾಗಲಿ, ಕೇಳಬೇಕಾದ ಪ್ರಶ್ನೆಗಳು ಮೂರೇ. ಹೆಸರು ಯಾರದೋ ಅನುಭೋಗವೂ ಅವರದೇ ತಾನೆ? ಲೆಕ್ಕದ ಪುಸ್ತಕವನ್ನು ಚಂದಾ ಕೊಟ್ಟ ಕಟ್ಟಕಡೆಯವನೂ ಬಿಚ್ಚಿ ನೋಡಬಹುದೆ? ಮುಖ್ಯಸ್ಥನಾದವನು 1220ರಲ್ಲಿ ಫ್ರಾನ್ಸಿಸ್ ಇಳಿದಂತೆ ಕುರ್ಚಿಯಿಂದ ಇಳಿದು, ಮತ್ತೊಬ್ಬನ ಮಾತು ಕೇಳುವ ಸಾಮಾನ್ಯ ಸದಸ್ಯನಾಗಿ ಕೂರಬಲ್ಲನೆ?

ಮೂರಕ್ಕೂ ಹೌದೆನ್ನಬಲ್ಲ ಸಂಸ್ಥೆಗೆ ಹೆಂಚಿನ ಮಾಡು ಇದ್ದರೂ ಚಿಂತೆಯಿಲ್ಲ. ಒಂದಕ್ಕಾದರೂ ಉತ್ತರ ಹೇಳಲು ತಡವರಿಸಿದರೆ, ಆ ಸಂಸ್ಥೆಯ ಸದಸ್ಯರು ಏಣಿ ಹುಡುಕುವ ಕಾಲ ಬಂದಿದೆಯೆಂದು ತಿಳಿಯಬೇಕು.